ಹವಾಯಿ ಚಪ್ಪಲಿಗೆ ಸಮಜಾಯಿಷಿ

ಬಲಗಾಲಿನ ಹೆಬ್ಬೆರಳ ಉಗುರು ಒಳಕ್ಕೆ ಬೆಳೆದು ಕೀವು ಕಟ್ಟಿಕೊಂಡಿತ್ತು. ಡಾಕ್ಟರು ಅರ್ಧ ಉಗುರು ಕಿತ್ತು, ಬೆರಳಿಗೆ ಗುಂಡುಬದನೆಕಾಯಿ ಗಾತ್ರದ ಬ್ಯಾಂಡೇಜು ಸುತ್ತಿ, ಹದಿನೈದು ದಿನ ಶೂ ಮುಟ್ಟಬೇಡಿ ಎಂದರು. ರಜೆ ಹಾಕೋಣವೆಂದರೆ ಮಾರ್ಚ್ ತಿಂಗಳು. ಮಾರ್ಚ್‌ನಲ್ಲಿ ಸರ್ಕಾರಿ ಕಚೇರಿಯಲ್ಲಿ ರಜೆ ಕೇಳುವುದು ಅಂದರೆ ಮದುವೆಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಅಡುಗೆ ಭಟ್ಟರು ಊರಿಗೆ ಹೊರಟು ನಿಂತ ಹಾಗೆ. ಸರಿ, ಬಚ್ಚಲಿಗೆ ಹಾಕಿಕೊಳ್ಳುವ ನೀಲಿ ಪಟ್ಟಿಯ ಹವಾಯಿ ಚಪ್ಪಲಿಯಲ್ಲೇ ಹೋದೆ.

ಮೂರನೇ ದಿನ ಮೆಮೊ ಬಂತು.

"ಕಚೇರಿಯ ಘನತೆಗೆ ತಕ್ಕುದಲ್ಲದ ಪಾದರಕ್ಷೆ ಧರಿಸಿ ಕರ್ತವ್ಯಕ್ಕೆ ಹಾಜರಾಗಿರುವುದು ಕಂಡುಬಂದಿದ್ದು, ಈ ಬಗ್ಗೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ..." ತಪ್ಪಿದಲ್ಲಿ ಏನು ಅಂತ ನಮ್ಮ ಇಲಾಖೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಸಾಹೇಬರು ಹೊಸಬರು, ವರ್ಗಾವಣೆಯಾಗಿ ಬಂದು ಹತ್ತು ದಿನವಾಗಿತ್ತು. ನನ್ನ ಬ್ಯಾಂಡೇಜು ಅವರ ಕಣ್ಣಿಗೆ ಬಿದ್ದಿರಲಿಲ್ಲ ಅನ್ನೋಣ. ಚಪ್ಪಲಿ ಮಾತ್ರ ಬಿದ್ದಿತ್ತು.

ಮೆಮೊ ಬಂದದ್ದಕ್ಕೆ ನನಗೇನೂ ಬೇಜಾರಿಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇದು ಮೊದಲನೆಯದೂ ಅಲ್ಲ. ನನ್ನನ್ನು ಕಾಡಿದ್ದು "ಉಲ್ಲೇಖ" ಅನ್ನುವ ಜಾಗ. ನಮ್ಮಲ್ಲಿ ಒಂದು ಸ್ಟೇಪ್ಲರ್ ಪಿನ್ ತರಿಸಬೇಕಾದರೂ ಉಲ್ಲೇಖದಲ್ಲಿ ನಾಲ್ಕು ಪತ್ರ, ಎರಡು ಸುತ್ತೋಲೆ ಇರುತ್ತವೆ. ಇಲ್ಲಿ ಇದ್ದದ್ದು ಇಷ್ಟೇ: "ಈ ಕಚೇರಿಯ ಗಮನಕ್ಕೆ ಬಂದಂತೆ." ಯಾವ ನಿಯಮ, ಯಾವ ಕಲಂ, ಸುದ್ದಿಯೇ ಇಲ್ಲ. ನಾನು ಸಿಬ್ಬಂದಿ ಶಾಖೆಯ ಗುಮಾಸ್ತ ಸ್ವಾಮಿ, ನಿಯಮವಿಲ್ಲದ ಕಾಗದ ನೋಡಿದರೆ ಕೈ ತುರಿಸುತ್ತದೆ. ಮೂರು ದಿನ ಟೈಮ್ ಇತ್ತು. ನನ್ನ ಚಪ್ಪಲಿಗೆ ಒಂದು ನಿಯಮ ಹುಡುಕೋಣ ಅಂತ ಹೊರಟೆ. ಸಿಕ್ಕಿದ್ದೆಲ್ಲ ಬೇರೆಯವರ ಬಟ್ಟೆ.

ಮೊದಲು ನೆನಪಾದದ್ದು 2015ರ ಬಸ್ತರ್ ಪ್ರಕರಣ. ಆ ವರ್ಷ ಮೇ ತಿಂಗಳಲ್ಲಿ ಪ್ರಧಾನಿ ಛತ್ತೀಸ್‌ಗಢಕ್ಕೆ ಬಂದಾಗ ಜಗದಲ್ಪುರದಲ್ಲಿ ಸ್ವಾಗತಿಸಲು ನಿಂತಿದ್ದವರು ಬಸ್ತರ್ ಕಲೆಕ್ಟರ್ ಅಮಿತ್ ಕಟಾರಿಯಾ. ಮೈಮೇಲೆ ನೀಲಿ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ. ಮೇ ತಿಂಗಳ ಬಸ್ತರ್ ಬಿಸಿಲಿಗೆ ಕನ್ನಡಕ ಹಾಕದೆ ಇನ್ನೇನು ಹಾಕಬೇಕೋ. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರದ ಎಚ್ಚರಿಕೆ ಪತ್ರ ಬಂತು: ಸಂದರ್ಭಕ್ಕೆ ತಕ್ಕ ಉಡುಪಿರಲಿಲ್ಲ, ಕನ್ನಡಕ ಬೇರೆ ಹಾಕಿದ್ದಿರಿ ಅಂತ. ಪಕ್ಕದ ದಂತೇವಾಡದ ಕಲೆಕ್ಟರಿಗೂ ಅಂಥದೇ ಒಂದು. ಪತ್ರದಲ್ಲಿ ಹೆಸರಿಸಿದ್ದು 1968ರ ಅಖಿಲ ಭಾರತ ಸೇವಾ ನಡತೆ ನಿಯಮಗಳ 3(1). ತೆಗೆದು ಓದಿದೆ. ಪ್ರಾಮಾಣಿಕವಾಗಿರಬೇಕು, ಕರ್ತವ್ಯನಿಷ್ಠೆ ಇರಬೇಕು, ಸೇವೆಯಲ್ಲಿರುವವರಿಗೆ ತಕ್ಕುದಲ್ಲದ್ದನ್ನು ಮಾಡಬಾರದು. ಅಷ್ಟೇ. ಅಂಗಿಯೂ ಇಲ್ಲ, ಕನ್ನಡಕವೂ ಇಲ್ಲ. "ತಕ್ಕುದಲ್ಲದ್ದು" ಅನ್ನುವ ಒಂದೇ ಒಂದು ಪದದ ಚೀಲದೊಳಗೆ ಕಪ್ಪು ಕನ್ನಡಕ ಹಾಕಿಬಿಟ್ಟಿದ್ದರು.

ನನ್ನ ಮೆಮೊದಲ್ಲೂ ಅದೇ ಪದ ಇತ್ತು ನೋಡಿ. ಕಲೆಕ್ಟರಿಗೂ ನನಗೂ ಒಂದೇ ಚೀಲ ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು.

ಆಮೇಲೆ ಪಟ್ನಾ. 2022ರ ಜೂನ್‌ನಲ್ಲಿ ಬಿಹಾರದ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಹೈಕೋರ್ಟಿಗೆ ಬಿಳಿ ಅಂಗಿಯಲ್ಲಿ, ಕೋಟಿಲ್ಲದೆ, ಕಾಲರ್ ಗುಂಡಿ ಬಿಚ್ಚಿಕೊಂಡು ಹೋದರು. ನ್ಯಾಯಮೂರ್ತಿಗಳಿಗೆ ಸಿಟ್ಟು ಬಂತು. ಇದೇನು ಸಿನಿಮಾ ಥಿಯೇಟರ್ ಅಂದುಕೊಂಡಿರಾ ಎಂದು ತೆರೆದ ಕೋರ್ಟಿನಲ್ಲೇ ಕೇಳಿದರು. ಆ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ನಿಮಗೂ ಬಂದಿರುತ್ತದೆ. ಬೇಸಿಗೆಗೆ ಅಂತ ಡ್ರೆಸ್ ಕೋಡ್ ಇಲ್ಲ ಎಂದು ಅಧಿಕಾರಿ ಮೆಲ್ಲಗೆ ಹೇಳಿದರು. ಅದು ನಡೆಯಲಿಲ್ಲ. ಆ ನ್ಯಾಯಮೂರ್ತಿಗಳು ಪವನ್‌ಕುಮಾರ್ ಬಜಂತ್ರಿ, ನಮ್ಮ ಕರ್ನಾಟಕದವರೇ, ಇಲ್ಲಿನ ಹೈಕೋರ್ಟಿನಲ್ಲಿ ಇದ್ದವರು. ನಮ್ಮ ಕಚೇರಿಯಲ್ಲಿ ಆ ವಿಡಿಯೊ ನೋಡಿ ಎರಡು ಪಂಗಡ ಆಗಿತ್ತು. ಕೋರ್ಟಿಗೆ ಹೋಗುವಾಗ ಕೋಟು ಬೇಕು ಅಂತ ಅಷ್ಟೂ ಗೊತ್ತಾಗಲ್ವಾ ಅನ್ನುವವರು ಒಂದು ಕಡೆ. ಜೂನ್ ತಿಂಗಳ ಪಟ್ನಾದಲ್ಲಿ ಕೋಟು ಹಾಕಿ ನೋಡಿ ಗೊತ್ತಾಗುತ್ತೆ ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಗುಂಪು. ದೊಡ್ಡವರನ್ನೂ ಹೀಗೆ ನಿಲ್ಲಿಸಿ ಕೇಳುತ್ತಾರಲ್ಲ ಅನ್ನುವ ಸಣ್ಣ ಖುಷಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಇದಕ್ಕೆಲ್ಲ ಸುಪ್ರೀಂ ಕೋರ್ಟು 2024ರ ಜನವರಿ 3ರಂದು ಒಂದು ಕಟ್ಟುಪಾಡು ಹಾಕಿತು. ಪ್ರಕರಣ ಉತ್ತರ ಪ್ರದೇಶದ್ದು, ಅಲಹಾಬಾದ್ ಹೈಕೋರ್ಟು ಅಧಿಕಾರಿಗಳನ್ನು ಕರೆಸಿ ಕಸ್ಟಡಿಗೇ ತೆಗೆದುಕೊಂಡಿದ್ದ ಗಲಾಟೆ. ಸರ್ಕಾರಿ ಅಧಿಕಾರಿಗಳ ರೂಪ, ಓದು, ಸಾಮಾಜಿಕ ಹಿನ್ನೆಲೆ ಕುರಿತು ನ್ಯಾಯಾಲಯಗಳು ಮಾತಾಡಬಾರದು, ಅವರ ಹುದ್ದೆಗೆ ಅಂತ ಗೊತ್ತುಮಾಡಿದ ಉಡುಪಿನ ನಿಯಮ ಮುರಿದಿದ್ದರೆ ಹೊರತು ಬಟ್ಟೆಯ ಬಗ್ಗೆಯೂ ಟೀಕೆ ಮಾಡಬಾರದು ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಬರೆಯಿತು. ವಿಚಾರಣೆ ಪೂರ್ತಿ ನಿಂತೇ ಇರಬೇಕಿಲ್ಲ ಅಂತಲೂ ಇದೆ. ನನ್ನ ಕಣ್ಣು ನಿಂತದ್ದು "ಗೊತ್ತುಮಾಡಿದ" ಅನ್ನುವಲ್ಲಿ. ಗೊತ್ತುಮಾಡಿದ್ದರೆ ಕೇಳಿ, ಇಲ್ಲದಿದ್ದರೆ ಬಿಡಿ. ಇದನ್ನು ಸಮಜಾಯಿಷಿಯಲ್ಲಿ ಹಾಕೋಣವೆಂದು ಗುರುತು ಮಾಡಿಟ್ಟುಕೊಂಡೆ. ಆಮೇಲೆ ಪಕ್ಕದ ಮೇಜಿನವರು, ರೀ, ಚಪ್ಪಲಿಗೆ ಸುಪ್ರೀಂ ಕೋರ್ಟು ತಂದರೆ ನಿಮ್ಮನ್ನ ಬೀದರಿಗೆ ಹಾಕ್ತಾರೆ ಅಂದರು. ಬಿಟ್ಟೆ.

ಸರಿ, ಗೊತ್ತುಮಾಡಿದ ಕಡೆ ಏನಿದೆ? ಅಲ್ಲಿ ಇನ್ನೂ ಮಜಾ.

2019ರಲ್ಲಿ ತಮಿಳುನಾಡು ತನ್ನ ಸಚಿವಾಲಯದ ನೌಕರರಿಗೆ ಆದೇಶ ಹೊರಡಿಸಿತು. ಗಂಡಸರಿಗೆ ಷರ್ಟು, ಫಾರ್ಮಲ್ ಪ್ಯಾಂಟು, ಇಲ್ಲವೇ ತಮಿಳು ಸಂಸ್ಕೃತಿ ತೋರಿಸುವ ವೇಷ್ಟಿ. ಹೆಂಗಸರಿಗೆ ಸೀರೆ, ಸಲ್ವಾರ್, ಚೂಡಿದಾರ್, ಜೊತೆಗೆ ದುಪಟ್ಟಾ. ಬಣ್ಣ ಮಾತ್ರ ಸೌಮ್ಯವಾಗಿರಬೇಕು. ಈ "ಸೌಮ್ಯ ಬಣ್ಣ" ಯಾವುದು ಅಂತ ಒಬ್ಬರೂ ಹೇಳುವುದಿಲ್ಲ. ನಮ್ಮ ಕಚೇರಿಯ ಗೋಡೆಗೆ ಹೊಡೆದಿರುವ ಬಣ್ಣ ಇರಬಹುದು, ಅದಕ್ಕಿಂತ ಸೌಮ್ಯವಾದದ್ದನ್ನು ನಾನು ಕಂಡಿಲ್ಲ. ಆದರೆ ಪಂಚೆಗೆ ಅವಕಾಶ ಕೊಟ್ಟರಲ್ಲ, ಅದಕ್ಕೆ ಮೆಚ್ಚಬೇಕು. ಅದೇ ವರ್ಷ ಬಿಹಾರ ತನ್ನ ಸಚಿವಾಲಯದಲ್ಲಿ ಜೀನ್ಸ್, ಟೀ ಷರ್ಟ್ ಬೇಡ ಎಂದಿತು.

2020ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಒಂದು ಹೆಜ್ಜೆ ಮುಂದೆ ಹೋಯಿತು. ಜೀನ್ಸ್ ಇಲ್ಲ, ಟೀ ಷರ್ಟ್ ಇಲ್ಲ, ಸ್ಲಿಪ್ಪರ್ ಇಲ್ಲ (ನನ್ನ ಚಪ್ಪಲಿಗೆ ಸಿಕ್ಕ ಮೊದಲ ನಿಯಮ, ಆದರೆ ಬೇರೆ ರಾಜ್ಯದ್ದು). ವಾರಕ್ಕೊಮ್ಮೆ, ಶುಕ್ರವಾರ, ಖಾದಿ. ಮತ್ತೆ ಗಾಢ ಬಣ್ಣದ, ಚಿತ್ರವಿಚಿತ್ರ ಕಸೂತಿ ಅಥವಾ ಚಿತ್ರ ಇರುವ ಬಟ್ಟೆ ಬೇಡ. ಇಲ್ಲಿ ನಾನು ಸುಮ್ನೆ ಒಂದು ನಿಮಿಷ ಕೂತೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಸರ್ಕಾರಿ ಕೆಲಸದಲ್ಲಿ ಎಷ್ಟು ಜನ ಕನ್ನಡದ ಹೆಣ್ಣುಮಕ್ಕಳಿದ್ದಾರೆ. ಅವರಲ್ಲೊಬ್ಬಳು ಕಡುಗೆಂಪು ಇಳಕಲ್ ಸೀರೆ ಉಟ್ಟು ಬಂದಳು ಅನ್ನಿ. ಸೆರಗಿನಲ್ಲಿ ಆನೆ, ತೇರು, ಗೋಪುರ, ತುಳಸಿಕಟ್ಟೆ, ಎಲ್ಲ ಕೈಯಲ್ಲಿ ಎಣಿಸಿ ಹಾಕಿದ ಧಾರವಾಡದ ಕಸೂತಿ. ಗಾಢ ಬಣ್ಣ ಹೌದು, ಕಸೂತಿ ಹೌದು, ಚಿತ್ರವೂ ಹೌದು. ಮೂರಕ್ಕೆ ಮೂರು ತಪ್ಪು!

ಎಲ್ಲಕ್ಕಿಂತ ಜಾಸ್ತಿ ಶ್ರಮ ಹಾಕಿದ್ದು ಹರಿಯಾಣದ ಆರೋಗ್ಯ ಇಲಾಖೆ, 2023ರ ಫೆಬ್ರುವರಿಯಲ್ಲಿ, ಅನಿಲ್ ವಿಜ್ ಮಂತ್ರಿಯಾಗಿದ್ದಾಗ. ಆ ಪಟ್ಟಿ ಬರೆದವರು ಯಾರೋ, ಮಾಲ್ ಪೂರ್ತಿ ಸುತ್ತಿ ಬಂದು ಬರೆದಿದ್ದಾರೆ. ಯಾವ ಬಣ್ಣದ ಜೀನ್ಸೂ ಬೇಡ, ಡೆನಿಮ್ ಸ್ಕರ್ಟ್ ಬೇಡ, ಸ್ವೆಟ್‌ಷರ್ಟ್, ಲೆದರ್ ಪ್ಯಾಂಟ್, ಕ್ಯಾಪ್ರಿ, ಪಲಾಜೊ, ಕ್ರಾಪ್ ಟಾಪ್, ಆಫ್ ಶೋಲ್ಡರ್, ಸ್ಲಿಪ್ಪರ್ ಬೇಡ. ಉಗುರು ಉದ್ದ ಬಿಡಬಾರದು, ವಿಚಿತ್ರ ಹೇರ್‌ಸ್ಟೈಲ್ ಮಾಡಬಾರದು, ಗಂಡಸರ ಕೂದಲು ಅಂಗಿಯ ಕಾಲರ್ ದಾಟಬಾರದು. ರಾತ್ರಿ ಪಾಳಿಗೂ, ಶನಿವಾರ ಭಾನುವಾರಕ್ಕೂ ಇದೇ ನಿಯಮ. ಸಿವಿಲ್ ಆಸ್ಪತ್ರೆಗೆ ಲೆದರ್ ಪ್ಯಾಂಟು ಹಾಕಿಕೊಂಡು ಬಂದ ಗುಮಾಸ್ತನನ್ನು ಹರಿಯಾಣದಲ್ಲಿ ಯಾರಾದರೂ ಯಾವತ್ತಾದರೂ ಕಂಡಿದ್ದರಾ ಅಂತ ನನಗೆ ಕೇಳಬೇಕು ಅನಿಸುತ್ತದೆ. ಆದರೆ ಸರ್ಕಾರಿ ನಿಯಮದ ಹಿಂದೆ ಯಾವಾಗಲೂ ಒಬ್ಬ ಮನುಷ್ಯ ಇರುತ್ತಾನೆ. ಎಲ್ಲೋ ಒಬ್ಬ ಹಾಕಿಕೊಂಡು ಬಂದಿರಲೂಬಹುದು.

ಬೇಡದ್ದರ ಪಟ್ಟಿ ಹೀಗೆ. ಬೇಕಾದ್ದನ್ನೇ ಅಳೆದು ಹೇಳುವ ಜಾಣರು ನೌಕಾಪಡೆಯವರು. 2024ರಲ್ಲಿ ತಮ್ಮ ಮೆಸ್‌ಗಳಲ್ಲಿ ಕುರ್ತಾ ಪೈಜಾಮಕ್ಕೆ ಒಪ್ಪಿಗೆ ಕೊಟ್ಟರು. ಒಪ್ಪಿಗೆ ಅಂದರೆ ಸುಮ್ಮನೆ ಅಲ್ಲ. ಕುರ್ತಾ ಒಂದೇ ಬಣ್ಣದ್ದಾಗಿರಬೇಕು, ಮೊಣಕಾಲಿಗಿಂತ ತುಸು ಮೇಲೆ ನಿಲ್ಲಬೇಕು, ತೋಳಿಗೆ ಕಫ್ ಇರಬೇಕು, ಅದಕ್ಕೆ ಗುಂಡಿ ಅಥವಾ ಕಫ್‌ಲಿಂಕ್. ಪೈಜಾಮ ಕಿರಿದು, ಸೊಂಟಕ್ಕೆ ಎಲಾಸ್ಟಿಕ್, ಪಕ್ಕದಲ್ಲಿ ಜೇಬು. ಮೇಲೆ ತೋಳಿಲ್ಲದ ಜಾಕೆಟ್ಟು. ಹಡಗು, ಜಲಾಂತರ್ಗಾಮಿಗಳಲ್ಲಿ ನಡೆಯದು. ನಗು ಬರುತ್ತದೆ, ಆದರೂ ನಾನು ಇವರ ಪರ. ಇಲ್ಲಿ ಯಾರಿಗೂ ಅನುಮಾನವಿಲ್ಲ, ಟೇಪು ಹಿಡಿದು ಅಳೆಯಬಹುದು.

ಚಪ್ಪಲಿ ಹುಡುಕುತ್ತಾ ಹಳೇ ಕಾಲಕ್ಕೂ ಹೋದೆ. ಬ್ರಿಟಿಷರ ಕಾಲದಲ್ಲಿ ಸಾಹೇಬರ ಕೋರ್ಟು ಕಚೇರಿಗೆ ಹೋಗುವಾಗ ನಮ್ಮವರು ಜೋಡು ಹೊರಗೆ ಬಿಡಬೇಕಿತ್ತು. 19ನೇ ಶತಮಾನದಲ್ಲಿ ಇದು ದೊಡ್ಡ ಜಗಳವಾಗಿ, ಕೊನೆಗೆ ಸಿಕ್ಕ ತೀರ್ಮಾನ ಏನು ಗೊತ್ತಾ? ಇಂಗ್ಲಿಷ್ ಮಾದರಿಯ ಬೂಟು ಹಾಕಿದವರು ಒಳಗೆ ಬರಬಹುದು, ದೇಶೀ ಜೋಡು ಮೆಟ್ಟಿದವರು ಬಿಚ್ಚಿಟ್ಟೇ ಬರಬೇಕು. ನನ್ನ ಮೆಮೊ ಬರೆದ ಕೈಗೆ ಇದು ಗೊತ್ತಿರಲಿಕ್ಕಿಲ್ಲ, ಆದರೆ ಕೈಗೆ ಅಭ್ಯಾಸ ಇರುತ್ತದಲ್ಲ.

ಎರಡನೇ ದಿನ ಸಂಜೆ ಮನೆಯಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಈಗ ಎಪ್ಪತ್ತೆಂಟು. ಜಿಲ್ಲಾ ಮಟ್ಟದ ಒಂದು ಕಚೇರಿಯಲ್ಲಿ ದಫೇದಾರರಾಗಿ ನಿವೃತ್ತರಾದವರು. ಪೂರ್ತಿ ಕೇಳಿ, "ನಿಮಗೆಲ್ಲ ನಿಯಮ ಇಲ್ಲ ಅಂತ ಕಷ್ಟ. ನಮಗೆ ತಲೆಯಿಂದ ಕಾಲಿನವರೆಗೂ ನಿಯಮಾನೇ ಇತ್ತು" ಅಂದರು.

ಇತ್ತು, ನಾನೇ ನೋಡಿದ್ದೇನೆ. ತಲೆಗೆ ಪೇಟ, ಮೈಗೆ ಕತ್ತು ಮುಚ್ಚುವ ಬಿಳಿ ಕೋಟು, ಬಿಳಿ ಪ್ಯಾಂಟು, ಭುಜದಿಂದ ಸೊಂಟಕ್ಕೆ ಇಳಿಬಿದ್ದ ಕೆಂಪು ಡವಾಲಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ಭಾನುವಾರ ಬಂದರೆ ನನ್ನ ಕೆಲಸ ಬಿಲ್ಲೆ ತಿಕ್ಕುವುದು. ಹುಣಸೆಹಣ್ಣು, ಒಲೆಯ ಬೂದಿ, ಮೇಲೆ ಒಣ ಬಟ್ಟೆ. ಅಮ್ಮ ಬಿಳಿ ಬಟ್ಟೆಗೆ ನೀಲಿ ಹಾಕುತ್ತಿದ್ದಳು, ನೀಲಿ ಒಂದು ಹನಿ ಜಾಸ್ತಿ ಆದರೆ ಅಪ್ಪ ಸೋಮವಾರ ಆಕಾಶದ ಬಣ್ಣದಲ್ಲಿ ಕಚೇರಿಗೆ ಹೋಗುತ್ತಿದ್ದರು.

ಸಮವಸ್ತ್ರದ ಬಟ್ಟೆ ಸರ್ಕಾರದಿಂದ ಬರುತ್ತಿತ್ತು. ಬರಬೇಕಾದ ವರ್ಷ ಬರುತ್ತಿರಲಿಲ್ಲ, ಮುಂದಿನ ವರ್ಷ ಬರುತ್ತಿತ್ತು, ಅದು ಬೇರೆ ಮಾತು. ಬಂದಾಗ ಎಲ್ಲರಿಗೂ ಒಂದೇ ಅಳತೆ. ಅಪ್ಪ ಆರಡಿ ಎತ್ತರ. ಜೊತೆಗಿದ್ದ ಇನ್ನೊಬ್ಬ ದಫೇದಾರರು ಐದಡಿ. ಅಪ್ಪನ ಪ್ಯಾಂಟು ಹರಡಿಗಿಂತ ಮೇಲೆ ನಿಲ್ಲುತ್ತಿತ್ತು, ಅವರ ಬಟ್ಟೆ ಮಿಕ್ಕುತ್ತಿತ್ತು. ದರ್ಜಿ ಒಬ್ಬನೇ. ಅವನೇ ದಾರಿ ಕಂಡುಕೊಂಡ. ಅವರದ್ದರಲ್ಲಿ ಮಿಕ್ಕ ತುಂಡನ್ನು ಅಪ್ಪನ ಪ್ಯಾಂಟಿನ ತುದಿಗೆ ಜೋಡಿಸಿದ, ಹತ್ತಿರ ಬಂದು ನೋಡಿದರೆ ಮಾತ್ರ ಹೊಲಿಗೆ ಕಾಣುವ ಹಾಗೆ. ಒಂದು ವರ್ಷ ಇನ್ಸ್‌ಪೆಕ್ಷನ್‌ಗೆ ಬಂದವರು ಹತ್ತಿರ ಬಂದು ನೋಡಿದರು. ವರದಿಯಲ್ಲಿ "ಸಮವಸ್ತ್ರಕ್ಕೆ ತೇಪೆ ಹಾಕಲಾಗಿದೆ" ಅಂತ ಬರೆದರು. ಅಪ್ಪ ಸಮಜಾಯಿಷಿ ಕೊಟ್ಟರು. ಅದರಲ್ಲಿ ತಮ್ಮ ಎತ್ತರವನ್ನು ನಮೂದಿಸಿದ್ದರಂತೆ.

ಅದನ್ನು ಹೇಳಿ ಅಪ್ಪ ನಗಲಿಲ್ಲ. ನಾನೂ ನಗಲಿಲ್ಲ.

ಮೇಲಿನವರಿಗೆ "ತಕ್ಕುದು" ಅನ್ನುವ ಒಂದು ಪದ ಸಾಕು, ಕೆಳಗೆ ಇಳಿದಂತೆಲ್ಲ ಗುಂಡಿ, ಪಟ್ಟಿ, ಟೊಪ್ಪಿಯ ಲೆಕ್ಕ ಶುರು. ಪೊಲೀಸರನ್ನೇ ನೋಡಿ. ನಮ್ಮ ರಾಜ್ಯದ ಕಾನ್‌ಸ್ಟೇಬಲ್ಲುಗಳು ದಶಕಗಟ್ಟಲೆ ಆ ಸ್ಲೋಚ್ ಹ್ಯಾಟ್ ಹೊತ್ತರು, ಒಂದು ಬದಿ ಮೇಲಕ್ಕೆ ಮಡಚಿದ ಅಗಲ ಟೊಪ್ಪಿ. ಅಧಿಕಾರಿಗಳಿಗೆ ಪೀಕ್ ಕ್ಯಾಪ್, ಇವರಿಗೆ ಇದು. ಬಿಸಿಲಲ್ಲಿ ತಲೆ ಬೇಯುತ್ತಿತ್ತು, ಮಳೆಯಲ್ಲಿ ನೆಂದು ಭಾರವಾಗುತ್ತಿತ್ತು, ಕಳ್ಳನ ಹಿಂದೆ ಓಡಿದರೆ ಟೊಪ್ಪಿ ಒಂದು ಕಡೆ, ಪೊಲೀಸ್ ಒಂದು ಕಡೆ. ಗಲಾಟೆ ಮುಗಿದ ಮೇಲೆ ರಸ್ತೆಯಲ್ಲಿ ಬಿದ್ದ ಟೊಪ್ಪಿ ಆರಿಸಿಕೊಳ್ಳುವ ಕಾನ್‌ಸ್ಟೇಬಲ್‌ನನ್ನು ನೋಡದ ಕನ್ನಡಿಗ ಇದ್ದಾನಾ? ಅದು ಹೋದದ್ದು 2025ರ ಅಕ್ಟೋಬರ್ 28ಕ್ಕೆ. ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸೌಧದಲ್ಲಿ ನೀಲಿ ಬಣ್ಣದ ಹೊಸ ಕ್ಯಾಪುಗಳನ್ನು ಕೊಟ್ಟರು. ಅದಕ್ಕೂ ಮೊದಲು, 2018ರಲ್ಲಿ, ನೀಲಮಣಿ ರಾಜು ಪೊಲೀಸ್ ಮುಖ್ಯಸ್ಥರಾಗಿದ್ದಾಗ, ಮಹಿಳಾ ಪೊಲೀಸರ ಖಾಕಿ ಸೀರೆ ಹೋಗಿ ಪ್ಯಾಂಟು ಷರ್ಟು ಬಂತು. ಸೀರೆ ಉಟ್ಟು ಓಡುವ ಕಷ್ಟ ಉಟ್ಟವರಿಗೇ ಗೊತ್ತು. ಆ ಆದೇಶ ಬರಲು ಒಬ್ಬ ಹೆಣ್ಣುಮಗಳು ಆ ಕುರ್ಚಿಯವರೆಗೆ ಹೋಗಬೇಕಾಯಿತು.

ದುಡ್ಡಿನ ಲೆಕ್ಕವೂ ಒಂದು ತಮಾಷೆ. ಏಳನೇ ಕೇಂದ್ರ ವೇತನ ಆಯೋಗ ಕೂತು ಎಣಿಸಿದಾಗ ಕೇಂದ್ರ ಸರ್ಕಾರದಲ್ಲಿ 196 ಬಗೆಯ ಭತ್ಯೆಗಳಿದ್ದವು. ಬಟ್ಟೆ ಒಗೆಯಲು ಒಂದು, ಶೂಗೆ ಒಂದು, ಸೈನ್ಯದಲ್ಲಿ ಕೂದಲು ಕತ್ತರಿಸಲು ಒಂದು, ಮೈ ಸೋಪಿಗೆ ಇನ್ನೊಂದು. 2017ರಲ್ಲಿ ಬಟ್ಟೆಬರೆಯ ಭತ್ಯೆಗಳನ್ನೆಲ್ಲ ಒಟ್ಟು ಸೇರಿಸಿ ಡ್ರೆಸ್ ಅಲೋಯನ್ಸ್ ಮಾಡಿದರು. ಸೇನಾಧಿಕಾರಿಗಳಿಗೆ ವರ್ಷಕ್ಕೆ 20,000, ಸೈನಿಕರಿಗೆ 10,000, ರೈಲ್ವೆ ಹಳಿ ಕಾಯುವವರಿಗೆ, ಸ್ಟಾಫ್ ಕಾರ್ ಡ್ರೈವರಿಗೆ 5,000. ಪ್ರಧಾನಿಯನ್ನು ಕಾಯುವ ಎಸ್‌ಪಿಜಿಯವರಿಗೆ ಕಾರ್ಯಾಚರಣೆಯಲ್ಲಿದ್ದರೆ 27,800, ಇಲ್ಲದಿದ್ದರೆ 21,225. ಆ ಕೊನೆಯ ಇಪ್ಪತ್ತೈದು ರೂಪಾಯಿ ಯಾವ ಗುಂಡಿಗೆ ಅಂತ ಯೋಚಿಸಿ ನನಗೆ ಅವತ್ತು ಅರ್ಧ ರಾತ್ರಿ ನಿದ್ದೆ ಬರಲಿಲ್ಲ. ಬೆರಳೂ ನೋಯುತ್ತಿತ್ತು ಅನ್ನಿ.

ಮೂರನೇ ದಿನ ಸಮಜಾಯಿಷಿ ಕೊಟ್ಟೆ. ಒಂದೇ ಪುಟ. ಬಸ್ತರೂ ಇಲ್ಲ, ಪಟ್ನಾವೂ ಇಲ್ಲ. "ಕಾಲಿನ ಶಸ್ತ್ರಚಿಕಿತ್ಸೆಯ ನಿಮಿತ್ತ ವೈದ್ಯರ ಸಲಹೆಯಂತೆ", ಲಗತ್ತು: ವೈದ್ಯರ ಚೀಟಿ. ಎರಡು ದಿನ ಬಿಟ್ಟು ಕಾಗದ ವಾಪಸ್ ಬಂತು, ಮೇಲೆ ಹಸಿರು ಇಂಕಿನಲ್ಲಿ ಒಂದು ಪ್ರಶ್ನೆ: "ಚೀಟಿಯಲ್ಲಿ ಶೂ ಧರಿಸಬಾರದೆಂದು ಮಾತ್ರ ಇದೆ. ಹವಾಯಿ ಚಪ್ಪಲಿ ಧರಿಸಬಹುದೆಂದು ಇಲ್ಲ. ಪರಿಶೀಲಿಸಿ ಮಂಡಿಸಿ."

ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರಿಗೆ ವಿಷಯ ಅರ್ಥವಾಗಲು ಐದು ನಿಮಿಷ ಬೇಕಾಯಿತು, ಬರೆದುಕೊಡಲು ಅರ್ಧ ನಿಮಿಷ. ಅಷ್ಟರಲ್ಲಿ ಬೆರಳು ವಾಸಿಯಾಗಿತ್ತು. ಬ್ಯಾಂಡೇಜು ಬಿಚ್ಚಿ, ಶೂ ಹಾಕಿಕೊಂಡೇ ಕಚೇರಿಗೆ ಬಂದು ಹೊಸ ಚೀಟಿ ಕಡತಕ್ಕೆ ಸೇರಿಸಿದೆ.

ಕಡತ ಎಲ್ಲಿದೆ ಅಂದಿರಾ? ನನ್ನ ಮೇಜಿನ ಮೇಲೇ. ಸಿಬ್ಬಂದಿ ಶಾಖೆಯಲ್ಲಿ ಮೂರು ಹುದ್ದೆ, ಎರಡು ಖಾಲಿ. ಶಿಸ್ತು ಪ್ರಕರಣಗಳ ವಿಷಯ ನಿರ್ವಾಹಕ ನಾನೇ. ನನ್ನ ಚಪ್ಪಲಿಯ ಮೇಲೆ ನಾನೇ ಟಿಪ್ಪಣಿ ಬರೆದು ಮಂಡಿಸಬೇಕು. ಈಗ ಟಿಪ್ಪಣಿ ಹಾಳೆಯ ಏಳನೇ ಪುಟಕ್ಕೆ ಬಂದಿದ್ದೇನೆ. "ಸದರಿ ನೌಕರರ ಸಮಜಾಯಿಷಿಯನ್ನು ಪರಿಶೀಲಿಸಲಾಗಿ" ಅಂತ ಶುರು ಮಾಡಿ ಪೆನ್ನು ಹಿಡಿದು ಕೂತಿದ್ದೇನೆ, ಸದರಿ ನೌಕರರು ಹೇಳುತ್ತಿರುವುದು ನಿಜ ಅಂತ ನನಗೇನೋ ಅನಿಸುತ್ತಿದೆ.